ಕಾಣದ ಬೆಳಕು, ಕಾಣುವ ಅಜ್ಜಿ

"ದೀಪ ಉರೀತಾನೇ ಇಲ್ಲ! ಮಗುಗೆ ಟೋಪಿ ಹಾಕಿದೀರೋ, ನಮಗೆ ಹಾಕ್ತಿದೀರೋ?"

ನವಜಾತ ಶಿಶುಗಳ ವಾರ್ಡಿನಲ್ಲಿ ಅಜ್ಜಿಯ ದನಿ ಮತ್ತೆ ಏರಿತು. ನರ್ಸ್ ಹಣೆ ಚಚ್ಚಿಕೊಂಡಳು.

ಮೊಮ್ಮಗಳು ಹುಟ್ಟಿ ಇನ್ನೂ ವಾರವಾಗಿರಲಿಲ್ಲ. ರಕ್ತಕ್ಕೆ ಸೋಂಕು ತಗುಲಿತ್ತು. ಔಷಧಿಗೆ ಜ್ವರವೇನೋ ಇಳಿದಿತ್ತು. ಸೋಂಕಿನ ಉರಿ ಮಿದುಳಿಗೆ ಪೆಟ್ಟು ಕೊಟ್ಟೀತೆಂಬ ಭಯ ಇಳಿದಿರಲಿಲ್ಲ. ಅದಕ್ಕೇ ಈ ಹೊಸ ಪ್ರಯೋಗ: ಒಳಗೆ ಪುಟ್ಟ ದೀಪಗಳಿರುವ ಟೋಪಿ. ಅದರ ಬೆಳಕು ಕಣ್ಣಿಗೆ ಕಾಣದು, ಮಿದುಳನ್ನು ಕಾಯಬಹುದು ಎಂದಿದ್ದರು ಡಾಕ್ಟರು.

ಅಜ್ಜಿಯ ಮೊಲಕ್ಕೆ ಮೂರೇ ಕಾಲು. "ಕಾಣದ ಬೆಳಕಂತೆ! ಹಾಗಾದ್ರೆ ಕಾಣದ ಕಾಸು ಕೊಡ್ತೀನಿ, ತಗೊಳ್ಳಿ."

ಮಗುವಿನ ತಂದೆ, ಅಂದರೆ ಅಜ್ಜಿಯ ಅಳಿಯ, ನಾಚಿ ತಲೆ ತಗ್ಗಿಸಿದ. ಆತ ಕಾಲೇಜಿನಲ್ಲಿ ಬೆಳಕಿನ ಪಾಠ ಹೇಳುವ ಪ್ರೊಫೆಸರ್. "ಅತ್ತೆ, ಟಿವಿ ರಿಮೋಟಿನ ಬೆಳಕು ಕಾಣುತ್ತಾ? ಆದ್ರೂ ಚಾನೆಲ್ ಬದಲಾಗಲ್ವಾ?" ಎಂದ. ಡಾಕ್ಟರು ಮೆಚ್ಚಿ ತಲೆದೂಗಿದರು.

ಅಜ್ಜಿ ಸುಮ್ಮನಾದಳು. ಅಳಿಯ ಕೆಮ್ಮಿದ. ಅಜ್ಜಿ ಮತ್ತೆ ಶುರುಮಾಡಿದಳು.

"ರಿಮೋಟ್ ಕೆಟ್ರೆ ಚಾನೆಲ್ ಹೋಗುತ್ತೆ. ಇದು ಕೆಟ್ರೆ ಕೂಸಿನ ಬಾಳೇ ಹೋಗುತ್ತೆ! ಒಂದು ಕೆಂಪು ದೀಪ ಹಾಕಿ. ಸೀರೀಸೋ ಏನೋ ಅಂತಾರಲ್ಲ, ಅದರಲ್ಲೇ ಸೇರಿಸಿ. ಟೋಪಿಗೆ ಕರೆಂಟ್ ಹರಿದ್ರೆ ಮಾತ್ರ ಉರೀಬೇಕು. ಅಲ್ಲೀವರೆಗೂ ನಾನು ಕದಲಲ್ಲ."

ಡಾಕ್ಟರು ಸೋತರು. ಮಧ್ಯಾಹ್ನದೊಳಗೆ ಮೆಕ್ಯಾನಿಕ್ ಬಂದು ಟೋಪಿಯ ಯಂತ್ರಕ್ಕೆ ಕೆಂಪು ದೀಪ ಕೂರಿಸಿದ. ಮಗು ಹುಟ್ಟಿದಾಗಿನಿಂದ ನಿದ್ದೆಗೆಟ್ಟಿದ್ದ ಅಳಿಯ ಅಂದು ಕುರ್ಚಿಯಲ್ಲೇ ಗೊರಕೆ ಹೊಡೆದ.

"ಚಿಕಿತ್ಸೆಗೂ ಆ ದೀಪಕ್ಕೂ ಸಂಬಂಧ ಇಲ್ಲ ಸಾರ್, ಬರೀ ಅಜ್ಜಿ ಸಮಾಧಾನಕ್ಕೆ" ಎಂದಳು ನರ್ಸ್, ಅವನು ಎದ್ದ ಮೇಲೆ.

"ಏನ್ ಮಾಡೋದು ಸಿಸ್ಟರ್, ಕಣ್ಣಿಗೆ ಕಂಡ್ರೇನೇ ಕೆಲವರಿಗೆ ನೆಮ್ಮದಿ."

ಕೊನೆಗೆ ಸ್ಕ್ಯಾನ್ ಆಯಿತು. ಮಿದುಳಿನಲ್ಲಿ ಎಲ್ಲೂ ಪೆಟ್ಟಿಲ್ಲ ಎಂದರು ಡಾಕ್ಟರು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಈಗಲಾದ್ರೂ ಕಾಣದ ಬೆಳಕನ್ನ ನಂಬ್ತೀರಾ ಅಜ್ಜಿ?" ನರ್ಸ್ ಕೆಣಕಿದಳು.

"ನಾನು ಮೊದಲಿಂದ್ಲೂ ನಂಬಿದ್ದೆ ಕಣಮ್ಮ."

ಎಂಥಾ ಸುಳ್ಳಿ ಎಂದು ವಾರ್ಡೆಲ್ಲ ನಕ್ಕಿತು.

ಹೊರಗೆ, ಯಾರೂ ಇಲ್ಲದ ಮೆಟ್ಟಿಲ ಬಳಿ, ಪ್ರೊಫೆಸರ್ ಅತ್ತೆಯ ಕಾಲಿಗೆ ಬಿದ್ದ. "ದೀಪ ಕಾಣ್ತಿಲ್ಲ ಅಂತ ನಾನೇ ಗಲಾಟೆ ಮಾಡಿದ್ರೆ ಕಾಲೇಜಲ್ಲಿ ತಲೆ ಎತ್ತೋ ಹಾಗಿರಲಿಲ್ಲ, ಮಾನ ಉಳಿಸಿದ್ರಿ ಅತ್ತೆ. ಆದ್ರೆ ನಾನು ಹೇಳಿಕೊಟ್ಟಿದ್ದು ಸೀರೀಸ್ ಮಾತ್ರ. ಆ ಕಾಣದ ಕಾಸು ಎಲ್ಲಿಂದ ತಂದ್ರಿ?"