ಒದೆಯುವ ಹಕ್ಕು

ಇಂಗ್ಲೆಂಡಿನ ಅರಮನೆಯ ಲಾಂಛನಾಧಿಕಾರಿ, ಸೋಪು ಮಾರಿ ಸಾಹುಕಾರರಾದವರ ಮನೆತನಗಳಿಗೆಲ್ಲ ಲಾಂಛನವಾಗಿ ಸಿಂಹ ಬರೆದುಕೊಟ್ಟು ಬೇಸತ್ತಿದ್ದ. ಅವನ ಕೆಲಸದಲ್ಲಿ ಗಮ್ಮತ್ತಿನದು ಒಂದೇ ಇತ್ತು. ಅರಮನೆಯ ಚರ್ಚಿನಲ್ಲಿ ದೊರೆಯ ಮತ್ತು ಸರದಾರರ ಉಕ್ಕಿನ ಟೊಪ್ಪಿಗೆಗಳು, ನೆತ್ತಿಯ ಮೇಲೆ ಅವರವರ ಗುರುತಿನ ಒಂದೊಂದು ಪ್ರಾಣಿಬೊಂಬೆ ಹೊತ್ತು, ಎತ್ತರದಲ್ಲಿ ಸಾಲಾಗಿ ಕೂತಿದ್ದವು. ಸರದಾರನೊಬ್ಬ ದ್ರೋಹ ಮಾಡಿದರೆ ಅವನ ಟೊಪ್ಪಿಗೆಯನ್ನು ಕೆಡವಿ ಬಾಗಿಲಾಚೆಗೆ ಒದೆಯುವ ಹಕ್ಕು ಲಾಂಛನಾಧಿಕಾರಿಯದು.

ಮೂವತ್ತು ವರ್ಷ ಕಾದ ಮೇಲೆ ಒಬ್ಬ ದ್ರೋಹಿ ಸಿಕ್ಕಿಬಿದ್ದ. ಅಧಿಕಾರಿ ವಾರವಿಡೀ ಮನೆಯಲ್ಲಿ ದಿಂಬು ಒದ್ದು ಅಭ್ಯಾಸ ಮಾಡಿದ.

"ಕನ್ನಡಕ ಹಾಕ್ಕೊಂಡು ಹೋಗ್ರೀ," ಎಂದಳು ಹೆಂಡತಿ.

"ಈ ಜರತಾರಿ ಅಂಗಿಗೆ ಕನ್ನಡಕನಾ? ನೋಡಿದೋರು ಗುಮಾಸ್ತ ಅಂದ್ಕೋತಾರೆ. ಅಲ್ಲಿರೋ ಒಂದೊಂದು ಪ್ರಾಣೀನೂ ನಂಗೆ ನಿದ್ದೇಲೂ ಗೊತ್ತು ಕಣೇ."

"ನಿನ್ನೆ ನನ್ನ ತುಪ್ಪಳದ ಟೋಪೀನ ಬೆಕ್ಕು ಅಂತ ಸವರ್ತಾ ಕೂತಿದ್ರಿ."

"ಮನೆ ವಿಷಯ ಬೇರೆ, ಕಚೇರಿ ಕೆಲಸ ಬೇರೆ."

ಮರುದಿನ ತುಂಬಿದ ಸಭೆಯೆದುರು ಏಣಿ ಹತ್ತಿ ಟೊಪ್ಪಿಗೆಯನ್ನು ಕೆಡವಿದ. ಕೆಳಗಿಳಿದು, ಜೀವಮಾನದ ಆಸೆಯನ್ನೆಲ್ಲ ಬಲಗಾಲಿಗೆ ತಂದು ಒದ್ದ. ಅದು ಠಣಠಣ ಉರುಳಿ ಬಾಗಿಲು ದಾಟಿ ಕಂದಕಕ್ಕೆ ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ದೊರೆ ಮೆಲ್ಲಗೆ ಕೇಳಿದ: "ನಾವೇನಪ್ಪಾ ತಪ್ಪು ಮಾಡಿದ್ವಿ?"