ದಾನಮ್ಮನ ಮುಳುಗು

ಟಿಟ್ವಾಳಾದ ಕಾಳೂ ನದಿಯ ಮೆಟ್ಟಿಲಲ್ಲಿ, ಹೆಬ್ಬೆರಳು ತೋಯುವಷ್ಟೇ ನೀರಿಗಿಳಿದು ಚಂದ್ರಬಾಯಿ ಕಲ್ಲಾಗಿ ನಿಂತುಬಿಟ್ಟಳು. ಸಂಕ್ರಾಂತಿಯ ಬೆಳಗು. ಸುತ್ತ ಹೆಂಗಸರು ಎಳ್ಳು ಅರಿಶಿನ ಹಚ್ಚಿಕೊಂಡು ಬುಳುಕ್ಕನೆ ಮುಳುಗಿ ಏಳುತ್ತಿದ್ದರು.

"ಆಜಿ, ಚಲೋ ನಾ!" ಎಂದಳು ಹಿಂದೆ ನಿಂತ ಮೊಮ್ಮಗಳು ಮಲ್ಲಿಕಾ.

"ನಿಂದ್ರವ್ವ. ನೀರು ಓಡಾಕ ಹತ್ತೈತಿ."

"ನದೀ ಹೈ ಆಜಿ, ಓಡದೇ ಏನ್ ಮಾಡ್ತದ!"

ಚಂದ್ರಬಾಯಿ ಏಳು ವರ್ಷದವಳಿದ್ದಾಗ ಅವ್ವನ ಜೊತೆ ಡೋಣಿ ಹೊಳೆಗೆ ಕೌದಿ ಒಗೆಯಲು ಹೋಗಿದ್ದಳು. ನೆನೆದ ಕೌದಿ ಬಂಡೆಯ ಭಾರವಾಗಿ ಅವಳನ್ನು ಒಳಗೆಳೆದುಕೊಂಡಿತ್ತು. ಯಾರೋ ಜಡೆ ಹಿಡಿದು ಎತ್ತಿದರು. ಅಂದಿನಿಂದ ತಲೆಗೆ ನೀರು ಹಾಕಿಕೊಳ್ಳುವಾಗಲೂ ಒಂದು ಕೈ ಬಾಗಿಲ ಚೌಕಟ್ಟು ಹಿಡಿದಿರಬೇಕು.

ಹಾಗಂತ ಪುಣ್ಯಕ್ಕೇನೂ ಕೊರತೆ ಬಿದ್ದಿರಲಿಲ್ಲ. ಒಂದೇ ಊರಿನಿಂದ ದುಡಿಯಲು ತುರ್ಭೆಗೆ ಬಂದು, ಒಂದೇ ಚಾಳಿನಲ್ಲಿ ಗೋಡೆಗೆ ಗೋಡೆ ಹಚ್ಚಿ ಬಾಳಿದ ದಾನಮ್ಮ ಇದ್ದಳಲ್ಲ! ಕೂಡಲಸಂಗಮವಿರಲಿ, ಪಂಢರಪುರವಿರಲಿ, ಸಂಕ್ರಾಂತಿಗೆ ಇದೇ ಟಿಟ್ವಾಳಾ ಇರಲಿ, ದಾನಮ್ಮ ಮೊದಲು ತನಗೊಂದು ಮುಳುಗು ಹಾಕುವಳು, ಆಮೇಲೆ ಮೂಗು ಹಿಡಿದು, "ಇದು ನಮ್ಮ ಚಂದ್ರವ್ವಂದು!" ಎಂದು ಹೊಳೆಗೆಲ್ಲ ಕೇಳುವಂತೆ ಕೂಗಿ ಇನ್ನೊಂದು. ದಡದಲ್ಲಿ ಇಬ್ಬರ ಚಪ್ಪಲಿ, ಬುತ್ತಿ ಕಾಯುತ್ತ ಕುಳಿತ ಚಂದ್ರಬಾಯಿ ಅಲ್ಲಿಂದಲೇ ಕೈ ಮುಗಿಯುವಳು. "ಏ ಪುಕ್ಕಲಿ, ನಿನ್ನ ಪಾಪ ಬಾಳ ಭಾರ ಐತಿ. ಮ್ಯಾಲ ಏಳಾಕ ಸಾಕಾತು ನೋಡು!" ಎಂದು ನಗುತ್ತ ದಾನಮ್ಮ ತೋಯ್ದ ಸೆರಗನ್ನು ಅವಳ ನೆತ್ತಿಯ ಮೇಲೇ ಹಿಂಡುವಳು. ಹೀಗೆ ಮೂವತ್ತು ವರ್ಷ.

ಕಳೆದ ದೀಪಾವಳಿಗೆ ಚಾಳಿನ ಮೆಟ್ಟಿಲಲ್ಲಿ ಬಿದ್ದು ದಾನಮ್ಮ ಸೊಂಟ ಮುರಿದುಕೊಂಡಳು. ಇನ್ನು ಮಂಚವೇ ಅವಳ ಊರು. ನಿನ್ನೆ ಚಂದ್ರಬಾಯಿಯ ಕೈ ಹಿಡಿದು, "ಈ ಸಾರಿ ನನ್ನ ಹೆಸರಿಲೆ ಒಂದು ಮುಳುಗು ಹಾಕ್ಕೊಂಡು ಬಾರವ್ವ" ಎಂದಿದ್ದಳು, ನೆರೆಮನೆಯಲ್ಲಿ ಉಪ್ಪು ಕೇಳಿದಷ್ಟು ಸಲೀಸಾಗಿ.

"ತಂಬಿಗಿಲೆ ಸುರಕೋ ಆಜಿ. ದಾನಮ್ಮ ಆಜಿಗೆ ಕೈಸೇ ಪತಾ ಚಲೇಗಾ?"

"ಅಕಿಗಿ ಗೊತ್ತಾಗಂಗಿಲ್ಲ. ಹೊಳಿ ಗಂಗವ್ವಗ ಗೊತ್ತಾಗತೈತಿ. ನೀ ಬಾ, ಕೈ ಹಿಡಿ."

ಮೊಣಕಾಲು. ಸೊಂಟ. ನೆನೆದ ಸೀರೆ ಕಾಲು ಹಿಡಿದು ಜಗ್ಗತೊಡಗಿತು. ಮಲ್ಲಿಕಾಳ ಮುಂಗೈಯನ್ನು ಬಳೆ ಒಡೆಯುವಂತೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಮೂಗು ಮುಚ್ಚಿ, "ಇದು ನಮ್ಮ ದಾನವ್ವಂದು!" ಎಂದು ಕೂಗಿದವಳೇ ಮುಳುಗಿಬಿಟ್ಟಳು. ಒಂದು ಗಳಿಗೆ ಲೋಕದ ಸದ್ದೆಲ್ಲ ಅಡಗಿತು. ಎದ್ದಾಗ ಕಣ್ಣು, ಬಾಯಿ, ಕಿವಿ ಎಲ್ಲ ನೀರು.

"ಕ್ಯಾ ಬಾತ್ ಹೈ ಆಜಿ! ಈಗ ನಿಂದೊಂದು ಹಾಕು!" ಮಲ್ಲಿಕಾ ಕುಣಿದಳು.

ಚಂದ್ರಬಾಯಿ ಆಗಲೇ ಗಡಬಡಿಸಿ ಮೆಟ್ಟಿಲು ಹತ್ತುತ್ತಿದ್ದಳು.

"ಏ, ನಾ ಒಲ್ಲೆನವ್ವ. ನನಗ ನೀರಂದ್ರ ಅಂಜಿಕಿ."