ಇಬ್ಬರಿಗೊಂದು ಡಬ್ಬಿ

ಹುಟ್ಟಿದ ವಾರದಲ್ಲೇ ಎಲ್ಲ ಕೂಸುಗಳ ನಾಲಿಗೆಗೂ ಬೀಳುವ ವಿದ್ಯೆಯ ಹನಿ ಪಲ್ಲವಿಗೂ ಬಿದ್ದಿತ್ತು. ಮಗ್ಗಿ, ವ್ಯಾಕರಣ, ಗ್ರಹಗಳ ದೂರ ಎಲ್ಲವೂ ಅವಳಿಗೆ ಗೊತ್ತು. ಹಾಗಾಗಿ ಆರು ವರ್ಷದಲ್ಲಿ ಅವಳು ಯಾರನ್ನೂ ಒಂದೇ ಒಂದು ಪ್ರಶ್ನೆ ಕೇಳಿದವಳಲ್ಲ. 'ಇದ್ಯಾಕವ್ವಾ ಹಿಂಗ' ಎಂದು ಒಮ್ಮೆಯಾದರೂ ಕೇಳಲಿ ಎಂದು ತಾಯಿ ಸಾವಂತ್ರಿ ಕಾದಿದ್ದೇ ಬಂತು.

ಈಗ ಹೊಸ ಕಾನೂನು ಬಂದಿತ್ತು. ಆರು ತುಂಬಿದ ಮಗು ದಿನಕ್ಕೊಂದು ತಾಸು ಇನ್ನೊಂದು ಮಗುವಿನ ಪಕ್ಕ ಬೆಂಚಿನ ಮೇಲೆ ಕೂರಲೇಬೇಕು. ಪಾಠವಿಲ್ಲ, ಪುಸ್ತಕವಿಲ್ಲ. ಅದಕ್ಕೆ ಶಾಲೆ ಎಂಬ ಹಳೆಯ ಹೆಸರನ್ನೇ ಇಟ್ಟಿದ್ದರು.

ಮೊದಲ ದಿನ ಸಾವಂತ್ರಿ, ಪಕ್ಕದ ಮಗುವಿಗೂ ಇರಲಿ ಎಂದು ಎರಡು ಡಬ್ಬಿ ಅವಲಕ್ಕಿ ಕಟ್ಟಿ ತಂದಳು. ಬಾಗಿಲಲ್ಲಿದ್ದ ಆಯಾ ಹಸೀನಾಬಿ ಒಂದನ್ನು ವಾಪಸು ಕೊಟ್ಟಳು.

"ಇಬ್ರಿಗೆ ಒಂದ ಡಬ್ಬಿ ರೀ. ಇಲ್ಲಿ ಪದ್ಧತಿನ ಹಂಗ."

"ಸಾಲಂಗಿಲ್ರಿ. ಜಗಳಾಡ್ತಾವ."

"ಆಡ್ಲಿ. ಅದಕ್ಕ ಅಲ್ಲೇನ್ರಿ ಕರ್ಕೊಂಡ ಬಂದಿದ್ದು?"

ಸಾವಂತ್ರಿ ಕಿಟಕಿಯಿಂದ ಇಣುಕಿದಳು. ಪಲ್ಲವಿ ಅವಲಕ್ಕಿಯನ್ನು ಬೆರಳಿನಿಂದ ಸರಿಯಾಗಿ ಎರಡು ಪಾಲು ಮಾಡಿದಳು. ಪಕ್ಕದ ಹುಡುಗಿ ತನ್ನ ಪಾಲನ್ನು ಗಬಗಬನೆ ಮುಗಿಸಿ, ಪಲ್ಲವಿಯ ಪಾಲನ್ನೇ ನೋಡುತ್ತ ಕೂತಳು. ಲೆಕ್ಕವೇನೋ ಸರಿಯಿತ್ತು. ಆದರೂ ಪಲ್ಲವಿಯ ಕೈ ಬಾಯಿಗೆ ಹೋಗಲಿಲ್ಲ. ಎಷ್ಟು ಯೋಚಿಸಿದರೂ ಹನಿ ಕಲಿಸಿದ್ದರಲ್ಲಿ ಆ ನೋಟದ ಅರ್ಥ ಸಿಗಲಿಲ್ಲ.

ಕೊನೆಗೆ ಅವಳು ತೊದಲುತ್ತ ಅಂದಳು, "ನಿನಗ... ಇನ್ನೂ ಹಸಿವ ಐತೇನ?"

ಹೊರಗೆ ಸಾವಂತ್ರಿ, ವಾಪಸು ಬಂದ ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕೂತಳು.

"ಕೇಳಿದ್ಲ್ರಿ," ಎಂದಳು ಹಸೀನಾಬಿಗೆ. "ನಮ್ಮ ಹುಡುಗಿ ಕೇಳಿದ್ಲು."